ಗಂಟು ಹಾಕದ ದಾರ

ನಡುರಾತ್ರಿ ಹಲ್ಲಿ ಲೊಚಗುಟ್ಟಿದಂಥ ಸದ್ದು ಕೇಳಿ ಎಚ್ಚರವಾಯಿತು. ಹಲ್ಲಿಯಾದರೆ ನಾಲ್ಕು ಸಲ ಲೊಚಗುಟ್ಟಿ ಸುಮ್ಮನಾಗುತ್ತದೆ. ಇದು ನಿಲ್ಲಲಿಲ್ಲ. ಟಿರ್ ಟಿರ್ ಎಂದು ಒಂದೇ ಸಮ, ಯಾರೋ ಉಗುರಿನಿಂದ ರಟ್ಟು ಕೆರೆಯುತ್ತಿರುವ ಹಾಗೆ.

ಎದ್ದು ನಡುಮನೆಗೆ ಬಂದೆ. ಅತ್ತೆ ಚಾಪೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ಮಾವ ಹಗ್ಗದ ಮಂಚದ ಮೇಲಿದ್ದರು. ಮೂಲೆಯ ಮೇಜಿನ ಕೆಳಗೆ ಕಂಪ್ಯೂಟರಿನ ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿತ್ತು. ಮಾವ ಅದನ್ನು ರಾತ್ರಿಯೂ ಆರಿಸುತ್ತಿರಲಿಲ್ಲ. ಆರಿಸಿದರೆ ಬೆಳಗ್ಗೆ ಮತ್ತೆ ಏಳದೇ ಹೋದೀತು ಅಂತ. ಸದ್ದು ಬರುತ್ತಿದ್ದುದು ಅದರೊಳಗಿನಿಂದ. ಬಗ್ಗಿ ಕಿವಿಗೊಟ್ಟು ಎದ್ದು ನಿಂತಾಗ ಮಾವನ ಕಣ್ಣು ತೆರೆದಿದ್ದ ಹಾಗೆ ಕಂಡಿತು. ಮತ್ತೆ ನೋಡಿದರೆ ಮುಚ್ಚಿತ್ತು.

ಬೆಳಗ್ಗೆ ಸಜ್ಜೆ ದೋಸೆ ಹುಯ್ಯುತ್ತಾ ನಾನೇ ಮಾತು ತೆಗೆಯಬೇಕೆಂದಿದ್ದೆ. ಅಷ್ಟರಲ್ಲಿ ನನ್ನ ಗಂಡ ಜಯಪಾಂಡಿ ಶುರು ಮಾಡಿದರು. ಅವರು ಆಫ್‌ಸೆಟ್ ಪ್ರೆಸ್ಸಿನಲ್ಲಿ ಯಂತ್ರ ನಡೆಸುವವರು. ಸದ್ದಿನಲ್ಲೇ ಕಾಯಿಲೆ ಗುರುತಿಸುತ್ತೇನೆ ಅನ್ನುವ ಹೆಮ್ಮೆ ಅವರಿಗಿದೆ.

"ಅಪ್ಪ, ನಿಮ್ಮ ಪೆಟ್ಟಿಗೆ ಗೊರಕೆ ಹೊಡೀತಿದೆ. ಒಳಗಿನ ಫ್ಯಾನ್ ಹೋಗ್ತಾ ಇದೆ."

"ನಂಗೇನೂ ಕೇಳಿಸ್ತಿಲ್ಲ," ಅಂದರು ಮಾವ.

"ತಾತ, ಎದುರುಮನೆ ಅಕ್ಕನಿಗೂ ಕೇಳಿಸ್ತಂತೆ," ಅಂದಳು ಮಗಳು ಕಯಲ್. "ನಮ್ಮನೇಲಿ ಅಷ್ಟೊತ್ತಲ್ಲಿ ಯಾರು ಮಿಕ್ಸಿ ಹಾಕೋದು ಅಂತ ಕೇಳಿದ್ರು."

"ಅವಳಿಗೆ ಕಿವಿ ಉದ್ದ, ನಿಂಗೆ ನಾಲಿಗೆ ಉದ್ದ. ತಾಯಿ, ಇನ್ನೊಂದು ದೋಸೆ ಹಾಕು."

ತಾಯಿ ಅಂದರೆ ನಾನು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಮಾವ ತವಸಿಮುತ್ತು ನನ್ನನ್ನು ಮಂಗೈ ಅಂತ ಹೆಸರು ಹಿಡಿದು ಕರೆದದ್ದು ಕಡಿಮೆ.

ಆ ಪೆಟ್ಟಿಗೆಯೊಳಗೆ ಬರುವ ವರ್ಷವಿತ್ತು. ಗೋಡೆಗೆ ನೇತುಹಾಕಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನ ಪುಟಗಳನ್ನು ಮಾವ ಮನೆಯಲ್ಲೇ ಕೂತು ಜೋಡಿಸುತ್ತಿದ್ದರು. ತಾರೀಖು, ತಿಥಿ, ನಕ್ಷತ್ರ, ರಾಹುಕಾಲ, ಹಲ್ಲಿ ಮೈಮೇಲೆ ಬಿದ್ದರೆ ಏನು ಫಲ, ಎಲ್ಲವೂ. ತಪ್ಪು ತಿದ್ದುವುದು ನನ್ನ ಕೆಲಸ. ಬಿ.ಎ. ಓದಿದ ಸೊಸೆ ಅಂತ ಮೊದಲ ವರ್ಷವೇ ಕೆಂಪು ಪೆನ್ನು ಕೈಗೆ ಕೊಟ್ಟಿದ್ದರು. ತಮಿಳರ ಆಡಿ ತಿಂಗಳ ಹದಿನೆಂಟರ ಹಬ್ಬಕ್ಕೆ ಶಿವಕಾಶಿಯ ಎಲ್ಲ ಅಂಗಡಿಗಳಲ್ಲೂ ಹೊಸ ವರ್ಷದ ಕ್ಯಾಲೆಂಡರಿನ ಮಾದರಿಗಳು ಹೊರಬರುತ್ತವೆ. ಅದಕ್ಕೆ ಮೊದಲೇ, ಹಿಂದಿನ ಆನಿ ತಿಂಗಳು ಮುಗಿಯುವುದರೊಳಗೆ, ಪುಟಗಳು ಕ್ಯಾಲೆಂಡರ್ ಕಾರ್ಖಾನೆಯ ಮುದಲಾಳಿಯ, ಅಂದರೆ ಯಜಮಾನರ, ಕೈ ಸೇರಬೇಕು. ಈ ಸಲ ಸೇರದಿದ್ದರೆ ಮುಂದಿನ ವರ್ಷದಿಂದ ಕೆಲಸ ಬೈಪಾಸ್ ಹತ್ತಿರದ ಹೊಸಬರಿಗೆ ಹೋಗುತ್ತದೆ ಎಂದು ಮುದಲಾಳಿ ಪ್ರೆಸ್ಸಿನಲ್ಲಿ ಜಯಪಾಂಡಿಯ ಹತ್ತಿರ ಹೇಳಿಕಳಿಸಿದ್ದರು. ಅಲ್ಲಿ ಎಸಿ ಕೋಣೆಯಲ್ಲಿ ಹುಡುಗ ಹುಡುಗಿಯರು ಸಾಲಾಗಿ ಕೂತು ಜೋಡಿಸುತ್ತಾರಂತೆ.

ಮಾವನಿಗೆ ಬೇರೆ ಕೆಲಸವಿರಲಿಲ್ಲ. ಬೇರೆ ಹವ್ಯಾಸವೂ ಇರಲಿಲ್ಲ. ಅವರ ತಮ್ಮ ಬೆಂಕಿಪೊಟ್ಟಣದ ಕಾರ್ಖಾನೆಯ ಕೆಲಸ ಬಿಟ್ಟು ಜಗಲಿ ಮೇಲೆ ಕೂತವರು ಒಂದು ದೀಪಾವಳಿಯನ್ನೂ ಕಾಣಲಿಲ್ಲ. ಮನೆಯಲ್ಲಿ ಆ ಮಾತನ್ನು ಯಾರೂ ಆಡುತ್ತಿರಲಿಲ್ಲ. ಆದರೆ ಅತ್ತೆ ಮಾವನಿಗೆ ಕಾಫಿ ಕೊಡುವಾಗಲೆಲ್ಲ ಒಮ್ಮೆ ಪರದೆಯ ಕಡೆ ನೋಡುತ್ತಿದ್ದರು. ಅಕ್ಷರ ಓಡುತ್ತಿದೆಯೇ ಅಂತ.

ಮೊದಲ ವಾರ ಮನೆಮದ್ದು ನಡೆಯಿತು. ನಮ್ಮೂರಲ್ಲಿ ಬೆಂಕಿಪೊಟ್ಟಣಕ್ಕೇನೂ ಬರವಿಲ್ಲ. ಜಯಪಾಂಡಿ ಪೆಟ್ಟಿಗೆಯ ಒಂದು ಕಾಲಿನ ಕೆಳಗೆ ಬೆಂಕಿಪೊಟ್ಟಣವಿಟ್ಟರು. ಸದ್ದು ತಗ್ಗಿತು. ಎರಡು ದಿನ ಬಿಟ್ಟು ಮತ್ತೆ ಬಂತು. ಇನ್ನೊಂದು ಪೊಟ್ಟಣ ಇಟ್ಟರು. ಆಮೇಲೆ ಕಯಲ್ ಅದರ ನೆತ್ತಿಗೊಂದು ಏಟು ಕೊಟ್ಟರೆ ಸುಮ್ಮನಾಗುತ್ತದೆ ಎಂದು ಕಂಡುಹಿಡಿದಳು. ಹೋಗುವವರು ಬರುವವರು ಎಲ್ಲ ಒಂದೊಂದು ಏಟು ಕೊಟ್ಟರು.

"ಯಾಕೆ ಹೊಡೀತೀರ ಅದಕ್ಕೆ?" ಮಾವ ಸಿಡುಕಿದರು.

"ಸದ್ದು ಬರ್ತಿದೆ ಅಪ್ಪ."

"ನಂಗೆ ಬರ್ತಿಲ್ಲ ಅಂದ್ನಲ್ಲ."

"ನಿಮಗೆ ಬರಲ್ಲ ಅಂತಲೇ ನಮಗೆ ಭಯ," ಅಂದರು ಜಯಪಾಂಡಿ. "ಸ್ಕ್ರೂ ಬಿಚ್ಚಿ ಒಂದ್ಸಲ ನೋಡ್ತೀನಿ. ಇಲ್ಲಾಂದ್ರೆ ಅಂಗಡಿಗೆ ಒಯ್ತೀನಿ. ಒಂದು ಫ್ಯಾನ್ ಅಷ್ಟೆ."

"ನನ್ನ ಜೊತೆ ಅಕ್ಷರ ಜೋಡಿಸ್ತಿದ್ದ ಅರುಳಪ್ಪನ ಪೆಟ್ಟಿಗೆ ಅಂಗಡಿಗೆ ಹೋಯ್ತಲ್ಲ, ಹೆಂಗೆ ಬಂತು? ತೊಳೆದ ತಟ್ಟೆ ಥರ ಬಂತು. ಅವನ ಮೂವತ್ತು ವರ್ಷದ ಕೆಲಸ ಒಂದು ಅಕ್ಷರ ಉಳೀಲಿಲ್ಲ. ಇದನ್ನ ಯಾರೂ ಬಿಚ್ಚಬಾರದು. ನೀನಂತೂ ಬಿಚ್ಚಲೇಬಾರದು."

"ನಾನು ಯಾಕೆ ಬಿಚ್ಚಬಾರದು?"

"ನೀನು ಚಿಕ್ಕವನಿದ್ದಾಗ ಗಡಿಯಾರ ಬಿಚ್ಚಿದ್ದೆ."

"ಅಪ್ಪ, ಆಗ ನಂಗೆ ಏಳು ವರ್ಷ."

"ಗಡಿಯಾರ ಇವತ್ತಿಗೂ ಓಡ್ತಿಲ್ಲ."

ಹೊಸ ಕಂಪ್ಯೂಟರ್ ಕೊಂಡರೆ ಮುಗಿಯಿತಲ್ಲ ಅನ್ನಬಹುದು. ಆ ಪ್ರಯತ್ನವೂ ಆಗಿತ್ತು. ಮಾವ ಬಳಸುವ ಕಂಪ್ಯೂಟರ್ ಅಕ್ಷರಗಳು, ಅಂದರೆ ಫಾಂಟು, ಸತ್ತುಹೋದ ಗೆಳೆಯನೊಬ್ಬ ಮಾಡಿಕೊಟ್ಟವು. ಹಳೆಯ ಆ ಪೆಟ್ಟಿಗೆ ಬಿಟ್ಟರೆ ಬೇರೆಲ್ಲೂ ನಿಲ್ಲುತ್ತಿರಲಿಲ್ಲ. ಕಯಲ್ ತನ್ನ ಗೆಳತಿಯ ಲ್ಯಾಪ್‌ಟಾಪಿನಲ್ಲಿ ಒಂದು ಪುಟ ತೆರೆದಾಗ ನಕ್ಷತ್ರಗಳ ಹೆಸರೆಲ್ಲ ಚೌಕ, ಕೊಡೆ, ಕತ್ತರಿಯ ಚಿತ್ರಗಳಾಗಿ ಬಂದಿದ್ದವು. ಮಾವ ಅದನ್ನು ನೋಡಿ ತಮ್ಮ ಪೆಟ್ಟಿಗೆಯ ಮುಂದೆ ಹೋಗಿ ಕೂತರು. ಅವತ್ತು ಸಂಜೆ ಸಾತ್ತೂರಿನ ಖಾರಸೇವು ತಂದಿದ್ದರು. ತಿಂದು ಉಳಿದದ್ದನ್ನು ಕಾಗದದಲ್ಲಿ ಮಡಿಸಿ ದಾರದಿಂದ ಕಟ್ಟಿಟ್ಟರು. ಕಯಲ್ ಬಿಚ್ಚಲು ಹೋಗಿ ಸೋತಳು.

"ತಾತ, ಇದಕ್ಕೆ ಗಂಟೇ ಇಲ್ಲ. ಎಲ್ಲಿಂದ ಬಿಚ್ಚಬೇಕು?"

"ಗಂಟು ಹಾಕೋನು ಕಂಪಾಸಿಟರ್ ಅಲ್ಲ."

ಸೀಸದ ಅಕ್ಷರ ಜೋಡಿಸುತ್ತಿದ್ದ ಕಾಲದ ಅಭ್ಯಾಸ ಅದು. ಜೋಡಿಸಿದ ಪುಟ ಚೆದುರದ ಹಾಗೆ ದಾರವನ್ನು ಬಿಗಿಯಾಗಿ ಸುತ್ತುತ್ತಾ ಬಂದು, ಕೊನೆಯನ್ನು ಮೂಲೆಯಲ್ಲಿ ಸುತ್ತಿನ ಅಡಿಗೆ ಒತ್ತಿ ಸಿಕ್ಕಿಸುವುದು. ತುದಿಯನ್ನು ಒಂದಿಷ್ಟು ಹೊರಗೆ ಬಿಟ್ಟಿರುತ್ತಾರೆ. ಅದನ್ನು ಎಳೆದರೆ ಬಿಚ್ಚುತ್ತದೆ. ಮಾವ ಗುಳಿಗೆಯ ಪೊಟ್ಟಣವನ್ನೂ ಹಾಗೇ ಕಟ್ಟುತ್ತಿದ್ದರು. ಮನೆಯಲ್ಲಿ ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ. ನಾನು ಕಲಿಯಲು ನೋಡಿದ್ದೆ, ನನ್ನದು ಜಾರುತ್ತಿತ್ತು.

ಶುಕ್ರವಾರ ಅತ್ತೆ ತಲೆಗೆ ಸ್ನಾನ ಮಾಡಿ ಕೆಂಡದ ಮೇಲೆ ಸಾಂಬ್ರಾಣಿ ಹಾಕಿಕೊಂಡು ಬಂದರು. ಬಾಗಿಲು, ಅಕ್ಕಿಡಬ್ಬ, ನನ್ನ ಹೊಲಿಗೆ ಯಂತ್ರ, ಕೊನೆಗೆ ಮೇಜಿನ ಕೆಳಗಿನ ಪೆಟ್ಟಿಗೆ. ಅಲ್ಲಿ ಮಾತ್ರ ಮೊಣಕಾಲೂರಿ ಕೂತು, ಸೆರಗಿನಿಂದ ಬೀಸಿ ಬೀಸಿ, ಎಲ್ಲ ಸಂದಿಗೂ ಹೊಗೆ ಹೋಗುವ ಹಾಗೆ ಹಿಡಿಯುತ್ತಿದ್ದರು.

"ಹೋದ ಸಲ ಮುದಲಾಳಿ ಕಡೆಯವನು ಬಂದಿದ್ನಲ್ಲ, ಈ ವಯಸ್ಸಲ್ಲೂ ಏನು ಕೆಲಸ ಅಂತ ಹೊಗಳಿ ಹೋದ. ಅವತ್ತಿಂದಲೇ ಇದು ನರಳ್ತಿದೆ. ದೃಷ್ಟಿ."

"ನಿನ್ನ ಹೊಗೆಗೆ ಸೊಳ್ಳೆ ಸತ್ತರೆ ಅದೇ ದೊಡ್ಡದು, ವಡಿವು," ಅಂದರು ಮಾವ.

ರಾಹುಕಾಲ ಜೋಡಿಸಿ ಅನ್ನ ತಿನ್ನುವ ಮಾವ ರಾಹುಕಾಲ ನಂಬುತ್ತಿರಲಿಲ್ಲ. ಹುಡುಗನಾಗಿದ್ದಾಗಲೇ ದೇವರಿಲ್ಲ ಅನ್ನುವವರ ಗುಂಪು ಸೇರಿ ಕರಿ ಅಂಗಿ ತೊಟ್ಟವರು. ಮದುವೆಯನ್ನೂ ಪುರೋಹಿತರಿಲ್ಲದೆ, ಬೇಕಂತಲೇ ರಾಹುಕಾಲದಲ್ಲಿ ಮಾಡಿಕೊಂಡಿದ್ದರು.

"ರಾಹುಕಾಲದಲ್ಲಿ ತಾಳಿ ಕಟ್ಟಿದ್ರಲ್ಲ," ಅತ್ತೆ ಹೊಗೆಯ ನಡುವಿನಿಂದ ಅಂದರು, "ಅದಕ್ಕೇ ಇಷ್ಟು ವರ್ಷ ನಿಮ್ಮನ್ನ ಕಟ್ಕೊಂಡು ಸಾಯ್ತಿದೀನಿ."

"ಒಳ್ಳೆ ಗಳಿಗೇಲಿ ಕಟ್ಟಿದ್ರೆ ಬೇಗ ಬಿಡುಗಡೆ ಸಿಗ್ತಿತ್ತಾ?"

ಅತ್ತೆ ನಕ್ಕರು. ಆದರೆ ಜಯಪಾಂಡಿ ನಗಲಿಲ್ಲ. ಬಗ್ಗಿ ಪೆಟ್ಟಿಗೆಯ ಸಂದಿಯಲ್ಲಿ ಬೆರಳು ಓಡಿಸಿ ತೋರಿಸಿದರು. ಬೆರಳ ತುದಿಗೆ ಕಪ್ಪಗೆ, ಅಂಟಂಟಾಗಿ ಮೆತ್ತಿತ್ತು.

"ನೋಡಿ ಅಮ್ಮ. ಇದು ದೃಷ್ಟಿ ಅಲ್ಲ, ನಿಮ್ಮ ಸಾಂಬ್ರಾಣಿ. ಗಾಳಿ ಎಳ್ಕೊಳ್ಳೋ ಯಂತ್ರಕ್ಕೆ ವಾರ ವಾರ ಹೊಗೆ ಕುಡಿಸಿದ್ರೆ ಏನಾಗತ್ತೆ? ಅಪ್ಪನ ಕೆಲಸ ಹೋದ್ರೆ ನಿಮ್ಮಿಂದಲೇ ಹೋಗತ್ತೆ."

ಅತ್ತೆಯ ಕೈಯಲ್ಲಿದ್ದ ಧೂಪದ ಬಟ್ಟಲು ಸ್ವಲ್ಪ ವಾಲಿತು. ನಾನು ಹೋಗಿ ಹಿಡಿದುಕೊಂಡೆ. ಅವರು ಒಳಗೆ ಹೋಗಿ ಕೆಂಡಕ್ಕೆ ನೀರು ಹಾಕಿದ ಸದ್ದು ಕೇಳಿಸಿತು. ಆಮೇಲೆ ಅವರು ನಡುಮನೆಗೆ ಹೊಗೆ ತರಲಿಲ್ಲ. ಮಗನಿಗೆ ಅನ್ನ ಬಡಿಸುತ್ತಿದ್ದರು, ಮಾತು ಬಡಿಸುತ್ತಿರಲಿಲ್ಲ.

ಹೊಗೆ ನಿಂತರೂ ಸದ್ದು ನಿಲ್ಲಲಿಲ್ಲ. ಕೆರೆಯುವ ಸದ್ದು ಹೋಗಿ ಅರೆಯುವ ಸದ್ದು ಬಂತು. ಮುಂದಿನ ವಾರ ಒಂದು ಮಧ್ಯಾಹ್ನ, ಮಾವ ಪುರಟ್ಟಾಸಿ ತಿಂಗಳ ಪುಟಗಳ ನಡುವೆ ಇದ್ದಾಗ, ಪರದೆ ಕಪ್ಪಾಯಿತು. ಕರೆಂಟು ಹೋಗಿರಲಿಲ್ಲ, ತಲೆ ಮೇಲಿನ ಫ್ಯಾನು ತಿರುಗುತ್ತಲೇ ಇತ್ತು. ಮತ್ತೆ ಹಾಕಿದಾಗ ಬೆಳಗ್ಗೆಯಿಂದ ಜೋಡಿಸಿದ್ದೆಲ್ಲ ಹೋಗಿತ್ತು.

ಅವತ್ತು ಒಣಮೀನಿನ ಸಾರು ಮಾಡಿದ್ದೆ. ಮಾವನಿಗೆ ಪ್ರಾಣ. ತಟ್ಟೆಯ ಮುಂದೆ ಕೂತು ಅನ್ನ ಕಲಸಿದರು, ತಿನ್ನಲಿಲ್ಲ.

"ಉಪ್ಪು ಜಾಸ್ತಿಯಾಯ್ತಾ ಮಾವ?"

"ಇಲ್ಲ ತಾಯಿ. ಹಸಿವಿಲ್ಲ."

ಕೈ ತೊಳೆದು ಹೋಗಿ ಮೊದಲಿನಿಂದ ಜೋಡಿಸಲು ಕೂತರು. ನಾನು ಪಕ್ಕದಲ್ಲಿ ಕೂತು ತಿಥಿಗಳನ್ನು ಓದಿ ಹೇಳಿದೆ. ಅವರ ಬೆರಳು ನಡುನಡುವೆ ನಿಲ್ಲುತ್ತಿತ್ತು. ನಿಂತಾಗ ತಲೆ ಒಂದು ಕಡೆ ವಾಲುತ್ತಿತ್ತು, ಏನನ್ನೋ ಆಲಿಸುವವರ ಹಾಗೆ. ನಾನು ನೋಡಿದ ಕೂಡಲೇ ಕತ್ತು ನೀವಿಕೊಂಡು "ನೋವು" ಅನ್ನುತ್ತಿದ್ದರು.

ಷಷ್ಠಿಯ ದಿನ ಅತ್ತೆ ಒಬ್ಬರೇ ಬಸ್ಸು ಹತ್ತಿ ತಿರುಚೆಂದೂರಿನ ಮುರುಗನ ಗುಡಿಗೆ ಹೋಗಿಬಂದರು. ಸಂಜೆ ಬಂದಾಗ ಸೀರೆಯ ಅಂಚಿನಲ್ಲಿ ಸಮುದ್ರದ ಮರಳಿತ್ತು. ಚೀಲದಿಂದ ಗುಡಿಯಲ್ಲಿ ಪನ್ನೀರಿನ ಮರದ ಎಲೆಯಲ್ಲಿ ಮಡಿಸಿಕೊಟ್ಟ ವಿಭೂತಿ ತೆಗೆದು ಒಬ್ಬೊಬ್ಬರಿಗೆ ಒಂದೊಂದು ಎಲೆ ಕೊಟ್ಟರು. ಕಯಲ್ ತನ್ನದನ್ನು ಶಾಲೆಯ ಗುರುತಿನ ಚೀಟಿಯ ಕವರಿನೊಳಗೆ ಹಾಕಿಕೊಂಡಳು. ಜಯಪಾಂಡಿ ಪರ್ಸಿನಲ್ಲಿಟ್ಟರು, ಅಮ್ಮ ಮಾತಾಡದಿದ್ದರೂ ವಿಭೂತಿ ಕೊಟ್ಟರಲ್ಲ ಅಂತ ಅವರ ಮುಖ ಸ್ವಲ್ಪ ಸಡಿಲವಾಯಿತು. ನನ್ನದು ಅಕ್ಕಿಡಬ್ಬಕ್ಕೆ ಹೋಯಿತು. ಅತ್ತೆಯದು ದೇವರ ಗೂಡಿಗೆ. ಉಳಿದ ಒಂದನ್ನು ಅವರು ಮಾವನ ಮುಂದೆ ಹಿಡಿದು ನಿಂತರು.

"ಹಣೆಗೆ ಇಡೋದು ಬೇಡ. ಜೇಬಲ್ಲಿಟ್ಕೊಳ್ಳಿ ಸಾಕು."

"ಮೇಜಿನ ಮೇಲಿಡು. ಎಲೆ ಅಡಿಕೆಗೆ ಸುಣ್ಣ ಮುಗಿದಿದೆ."

"ಒಂದು ದಿನ ಬಾಯಿ ಕಟ್ಕೊಂಡ್ರೆ ಏನಾಗತ್ತೆ ನಿಮಗೆ?"

"ದಾರ ಸುತ್ತಿ ಕಟ್ಟೋಕೆ ನನ್ನ ಬಾಯಿ ಏನು ಜೋಡಿಸಿದ ಪುಟಾನಾ?"

ಮಾರನೇ ದಿನ ಮೇಜಿನ ಮೇಲೆ ಎಲೆ ಇರಲಿಲ್ಲ. ಎಲ್ಲಿ ಎಂದು ಅತ್ತೆ ಕೇಳಿದರು. "ಎಸೆದೆ" ಅಂದರು ಮಾವ, ಕೀಲಿಮಣೆಯಿಂದ ಕಣ್ಣೆತ್ತದೆ.

"ಎಲ್ಲಿಗೆ?"

"ಕಿಟಕಿಯಿಂದ."

ಅತ್ತೆ ಚಪ್ಪಲಿಯಿಲ್ಲದೆ ಹೊರಗೆ ಹೋಗಿ ಕಿಟಕಿಯ ಕೆಳಗೆ, ಚರಂಡಿಯ ಅಂಚಿನಲ್ಲಿ ಬಹಳ ಹೊತ್ತು ಹುಡುಕಿದರು. ಬರಿಗೈಲಿ ಬಂದು ಅಡಿಗೆಮನೆಯಲ್ಲಿ ಈರುಳ್ಳಿ ಹೆಚ್ಚಲು ಕೂತರು. ಆ ಹೊತ್ತಿಗೆ ಈರುಳ್ಳಿ ಬೇಕಾದ ಅಡಿಗೆ ಯಾವುದೂ ಇರಲಿಲ್ಲ.

ಅವರು ಕೂತ ಸ್ವಲ್ಪ ಹೊತ್ತಿಗೆ ನನಗೆ ಅರಿವಾಯಿತು: ಮನೆ ಸುಮ್ಮನಿತ್ತು. ಸದ್ದು ನಿಂತಿತ್ತು.

ಕಯಲ್ ಮೊದಲು ಹೇಳಿದಳು. ಜಯಪಾಂಡಿ ಪಾಳಿ ಮುಗಿಸಿ ಬಂದು ಕಿವಿಯಿಟ್ಟು ಕೇಳಿ, "ಅರೆ, ಸರಿಹೋಗಿದೆ" ಅಂದರು. ಅತ್ತೆ ಕೈ ಮುಗಿದರು. "ಎಲೆ ಎಸೆದ್ರೂ ಮುರುಗ ಕೈಬಿಡಲಿಲ್ಲ" ಎಂದು ಹೆಸರುಬೇಳೆ ಪಾಯಸಕ್ಕೆ ಕರುಪಟ್ಟಿ ಬೆಲ್ಲ ಕುಟ್ಟಿದರು. ಮಗನಿಗೆ ಲೋಟ ಕೊಡುತ್ತಾ, ಎಷ್ಟೋ ದಿನಗಳ ಮೇಲೆ, "ಬಿಸಿ ಇದೆ, ನೋಡ್ಕೊಂಡು ಕುಡಿ" ಅಂದರು. ಎಲ್ಲರೂ ಕುಡಿದರು. ಮಾವನೂ ಕುಡಿದರು, ಏನೂ ಗೇಲಿ ಮಾಡದೆ.

ನನಗೆ ಮಾತ್ರ ನಂಬಿಕೆ ಬರಲಿಲ್ಲ. ಅಷ್ಟು ದಿನ ನರಳಿದ್ದು ಒಂದೇ ದಿನದಲ್ಲಿ ಹೇಗೆ ಗುಣವಾಯಿತು? ಪೆಟ್ಟಿಗೆಯ ಮುಂಭಾಗದಲ್ಲಿ, ಒಂದು ಕಾಲಕ್ಕೆ ಸಿಡಿ ಹಾಕುವ ಯಂತ್ರವಿದ್ದ ಕಡೆ, ಈಗೊಂದು ಖಾಲಿ ಗೂಡಿದೆ. ಅಲ್ಲಿ ಕೈ ಹಿಡಿದರೆ ಮೊದಲು ಗಾಳಿ ಒಳಕ್ಕೆ ಎಳೆಯುತ್ತಿತ್ತು. ಗುಡಿಸುವಾಗ ಹಿಡಿದು ನೋಡಿದೆ. ಎಳೆಯಲಿಲ್ಲ. ಬಿಸಿ ಹೊರಗೆ ಬರುತ್ತಿತ್ತು. ಮೇಲಿನ ತಗಡು ದೋಸೆ ಕಾವಲಿಯಂತೆ ಕಾದಿತ್ತು.

"ರೀ, ಫ್ಯಾನ್ ಸರಿಹೋಗಿಲ್ಲ. ನಿಂತುಹೋಗಿದೆ ಅನ್ಸತ್ತೆ."

"ಸದ್ದು ಮಾಡಿದ್ರೂ ಭಯ, ಸುಮ್ಮನಿದ್ರೂ ಭಯ," ಅಂದರು ಜಯಪಾಂಡಿ. "ನಿಂಗೆ ಏನಾದ್ರೆ ಸಮಾಧಾನ ಮಂಗೈ?"

ಸಂಜೆಗೇ ಪೆಟ್ಟಿಗೆ ಆರಿತು. ಸುಮ್ಮನೆ ಬಿಟ್ಟರೆ ತಡೆದುಕೊಳ್ಳುತ್ತಿತ್ತು, ಕೆಲಸ ಕೊಟ್ಟರೆ ಆರುತ್ತಿತ್ತು. ಮುಂದಿನ ದಿನಗಳಲ್ಲಿ ಮಾವ ಒಂದು ಪುಟ ಜೋಡಿಸುವುದು, ಉಳಿಸುವುದು, ಆರಿಸುವುದು, ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿ ಕಾಯುವುದು. ಸುತ್ತ ಒದ್ದೆ ಬಟ್ಟೆ ಹೊದಿಸಲು ಹೊರಟಾಗ ನಾನು ತಡೆದೆ. ಆನಿ ತಿಂಗಳು ಮುಗಿಯುತ್ತಾ ಬಂದಿತ್ತು. ವರ್ಷದ ಕೊನೆಯ ಮಾರ್ಗಳಿ ತಿಂಗಳ ಪುಟಗಳು ಇನ್ನೂ ಬಾಕಿ ಇದ್ದವು.

ಗುರುವಾರ ರಾತ್ರಿ ಊಟದ ಹೊತ್ತಿಗೆ ಜಯಪಾಂಡಿ ತಟ್ಟೆಗೆ ಕೈ ಹಾಕದೆ ಅಂದರು, "ನಾಳೆ ಸಂಜೆ ಇದನ್ನ ಅಂಗಡಿಗೆ ಒಯ್ತೀನಿ. ನೀವು ಒಪ್ಪಿದ್ರೂ ಸರಿ, ಒಪ್ಪದಿದ್ರೂ ಸರಿ."

"ಒಯ್ಯಿ. ನನ್ನನ್ನೂ ಅದರ ಜೊತೆ ಕಟ್ಟಿ ಒಯ್ಯಿ. ಹಳೇ ಸಾಮಾನಿಗೆ ಹಾಕು, ಎರಡಕ್ಕೂ ಒಂದೇ ತೂಕ."

"ಹಂಗೆ ಮಾತಾಡ್ಬೇಡಿ ಅಪ್ಪ. ಪ್ರೆಸ್ಸಲ್ಲಿ ದಿನಾ ಕೇಳ್ತಾರೆ, ನಿಮ್ಮಪ್ಪನಿಂದ ಆಗತ್ತಾ ಆಗಲ್ವಾ ಅಂತ. ನಾನೇನು ಹೇಳ್ಲಿ?"

"ಆಗತ್ತೆ ಅಂತ ಹೇಳು."

"ಆಗ್ತಿಲ್ವಲ್ಲ."

ಕಯಲ್ ತಲೆ ತಗ್ಗಿಸಿ ಹಪ್ಪಳ ಮುರಿಯುತ್ತಿದ್ದಳು. ಸದ್ದಾಗಬಾರದೆಂದು ಅನ್ನದೊಳಗೆ ಒತ್ತಿ ಮುರಿದಳು. ಅತ್ತೆ ಯಾರಿಗೂ ಕೇಳದೆ ಎಲ್ಲರ ತಟ್ಟೆಗೂ ಮಜ್ಜಿಗೆ ಹಾಕಿಬಿಟ್ಟರು, ಸಾರು ಇನ್ನೂ ಮುಗಿದಿರಲಿಲ್ಲ.

ಕೊನೆಗೆ ಮಾವ ಅಂದರು, "ನಾಳೆ ನಾನೇ ಮುದಲಾಳಿ ಹತ್ರ ಹೋಗ್ತೀನಿ. ಒಂದು ವಾರ ಹೆಚ್ಚಿಗೆ ಕೇಳ್ತೀನಿ."

ಅಷ್ಟು ವರ್ಷಗಳಲ್ಲಿ ಅವರು ಒಂದು ದಿನವೂ ಹೆಚ್ಚಿಗೆ ಕೇಳಿದವರಲ್ಲ.

ಬೆಳಗ್ಗೆ ಕಯಲ್ ಶಾಲೆಗೆ, ಜಯಪಾಂಡಿ ಪ್ರೆಸ್ಸಿಗೆ ಹೋದರು. ಅತ್ತೆ ಮಾರಿಯಮ್ಮನ ಗುಡಿಗೆ. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚಪ್ಪಲಿ ಮೆಟ್ಟಿ, ಜಗಲಿಯಲ್ಲಿ ಕೂತರು. ಕೂತೇ ಇದ್ದರು. ನಾನು ಎರಡು ಸಲ ಹೊರಗೆ ಬಂದು ನೋಡಿದೆ.

"ಹೊರಡಲ್ವಾ ಮಾವ?"

"ಬಿಸಿಲು ತಾಯಿ. ಸ್ವಲ್ಪ ತಗ್ಗಲಿ."

ಮಧ್ಯಾಹ್ನಕ್ಕೆ ಬಿಸಿಲು ಏರುತ್ತದೆಯೇ ಹೊರತು ತಗ್ಗುವುದಿಲ್ಲ. ಹನ್ನೆರಡು ಹೊಡೆದ ಮೇಲೆ ಎದ್ದು ಹೊರಟರು. ಗೋಡೆಯ ಕ್ಯಾಲೆಂಡರಿನಲ್ಲಿ ಶುಕ್ರವಾರದ ಹಾಳೆ ಕಣ್ಣಿಗೆ ಬಿತ್ತು. ಅದನ್ನು ಹೋದ ವರ್ಷ ಜೋಡಿಸಿದವರು ಅವರು, ತಿದ್ದಿದವಳು ನಾನು. ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ಆಗ ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೇ ನಾನು ಕಾಯುತ್ತಿದ್ದೆ.

ಬಾಗಿಲು ಚಿಲಕ ಹಾಕಿದೆ. ಪ್ಲಗ್ಗು ಕಿತ್ತೆ. ಪೆಟ್ಟಿಗೆ ತಣ್ಣಗಾಗಲು ಬಿಟ್ಟು, ಹೊಲಿಗೆ ಯಂತ್ರದ ಡ್ರಾಯರಿನಿಂದ ಸ್ಕ್ರೂಡ್ರೈವರ್, ಎಣ್ಣೆಬುಡ್ಡಿ, ಚಿಕ್ಕ ಕುಂಚ, ಪಿನ್ನು ತಂದುಕೊಂಡೆ. ಏನಾದರೂ ತಪ್ಪಿದರೆ ಬರುವ ವರ್ಷ ಪೂರ್ತಿ ನನ್ನ ಕೈಯಲ್ಲಿ ಹೋಗುತ್ತದೆ ಎಂದು ಗೊತ್ತಿತ್ತು. ಸುಮ್ಮನಿದ್ದರೆ ಸಂಜೆ ಅದು ಅಂಗಡಿಗೆ ಹೋಗುತ್ತದೆ ಎಂದೂ ಗೊತ್ತಿತ್ತು. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಜೋಡಿಸಿಟ್ಟು ಪಕ್ಕದ ತಗಡು ಸರಿಸಿದೆ.

ಒಳಗೆ ಬೂದುಬಣ್ಣದ ಧೂಳು ಹತ್ತಿಯ ಹಾಗೆ ಕೂತಿತ್ತು. ಫ್ಯಾನಿನ ಎಸಳುಗಳಿಗೆ ಸಾಂಬ್ರಾಣಿಯ ಜಿಡ್ಡು ಮೆತ್ತಿತ್ತು. ಆದರೆ ಫ್ಯಾನು ನಿಂತದ್ದು ಅದರಿಂದಲ್ಲ. ಅದರ ನಡುವಿಗೆ ಬಿಳಿ ದಾರ ಬಿಗಿಯಾಗಿ ಸುತ್ತಿಕೊಂಡಿತ್ತು. ದಾರದ ಇನ್ನೊಂದು ತುದಿ ಮೇಲೆ, ಖಾಲಿ ಗೂಡಿನ ಒಳಗಿನ ಅಂಚಿನವರೆಗೆ ಹೋಗಿತ್ತು. ಅಲ್ಲೊಂದು ಪುಟ್ಟ ಪೊಟ್ಟಣ ಜೋಪಾನವಾಗಿ ಕೂತಿತ್ತು.

ಹೊರಗೆ ತೆಗೆದೆ. ಪ್ರೂಫಿನ ಕಾಗದದ ತುಂಡು, ಅದರೊಳಗೆ ಪನ್ನೀರಿನ ಎಲೆ, ಎಲೆಯೊಳಗೆ ವಿಭೂತಿ. ಒಂದು ಚಿಟಿಕೆಯೂ ಚೆಲ್ಲಿರಲಿಲ್ಲ. ನಾಲ್ಕೂ ಮೂಲೆ ಚೌಕವಾಗಿ ಮಡಿಸಿ ಸುತ್ತಲೂ ದಾರ ಸುತ್ತಿತ್ತು. ಎಲ್ಲೂ ಗಂಟಿರಲಿಲ್ಲ. ಹೊರಗೆ ಬಿಟ್ಟಿದ್ದ ತುದಿಯನ್ನು ಫ್ಯಾನಿನ ಗಾಳಿ ಎಳೆದುಕೊಂಡಿತ್ತು.

ನಾನು ನೆಲದ ಮೇಲೆ ಕೂತೆ. ಎದುರಿಗೆ ಕಿಟಕಿ. ಅದರ ಕೆಳಗೆ ಚರಂಡಿಯ ಅಂಚಿನಲ್ಲಿ ಅತ್ತೆ ಬರಿಗಾಲಲ್ಲಿ ಹುಡುಕಿದ್ದರು. ಅವರು ಹುಡುಕುತ್ತಿದ್ದಾಗ ಮಾವ ಈ ಪೆಟ್ಟಿಗೆಯ ಮುಂದೆಯೇ ಕೂತಿದ್ದರು, ಕಣ್ಣೆತ್ತದೆ.

ಕೂತು ಯೋಚಿಸಲು ಹೊತ್ತಿರಲಿಲ್ಲ. ಹೊಲಿಗೆ ಯಂತ್ರದ ಗಾಲಿಗೆ ದಾರ ಸುತ್ತಿಕೊಂಡರೆ ಬಿಡಿಸುವ ಹಾಗೆ, ಪಿನ್ನಿನಿಂದ ಒಂದೊಂದೇ ಸುತ್ತು ಎತ್ತಿ ಬಿಡಿಸಿದೆ. ಎಸಳುಗಳನ್ನು ಬೆರಳಲ್ಲಿ ಹಿಡಿದು ಕುಂಚದಿಂದ ಧೂಳು ಉದುರಿಸಿದೆ, ಜಿಡ್ಡನ್ನು ಬಟ್ಟೆಯಿಂದ ಉಜ್ಜಿದೆ. ಫ್ಯಾನಿನ ನಡುವಿಗೆ ಅಂಟಿಸಿದ್ದ ಚೀಟಿಯನ್ನು ಅರ್ಧ ಎತ್ತಿ ಒಂದೇ ಹನಿ ಎಣ್ಣೆ ಬಿಟ್ಟು ಮತ್ತೆ ಅಂಟಿಸಿದೆ. ಬೆರಳಿನಿಂದ ತಳ್ಳಿದಾಗ ಅದು ತಡೆಯಿಲ್ಲದೆ ತಿರುಗಿ ತಾನಾಗಿ ನಿಂತಿತು. ಹಳೇ ಸೊಳ್ಳೆಪರದೆಯ ತುಂಡನ್ನು ಖಾಲಿ ಗೂಡಿನ ಬಾಯಿಗೆ ಬಿಗಿಯಾಗಿ ಅಂಟಿಸಿದೆ. ತಗಡು ಮುಚ್ಚಿ, ಸ್ಕ್ರೂ ಬಿಗಿದು, ಪ್ಲಗ್ಗು ಹಾಕಿ, ಕಣ್ಣು ಮುಚ್ಚಿ ಗುಂಡಿ ಒತ್ತಿದೆ.

ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಮೆಲ್ಲಗೆ, ಮಲಗಿದವರ ಉಸಿರಿನಷ್ಟು, ಸದ್ದು ಬಂತು. ಗೂಡಿನ ಮುಂದೆ ಕೈ ಹಿಡಿದೆ. ಸೊಳ್ಳೆಪರದೆಯ ತುಂಡನ್ನು ಗಾಳಿ ಒಳಕ್ಕೆ ಎಳೆಯುತ್ತಿತ್ತು.

ವಿಭೂತಿಯನ್ನು ದೇವರ ಗೂಡಿನ ಬಟ್ಟಲಿಗೆ ಸುರಿದೆ. ಎಲೆಯನ್ನು ತುಳಸಿಯ ಬುಡಕ್ಕೆ ಹಾಕಿದೆ. ಕಾಗದವನ್ನೂ ದಾರವನ್ನೂ ಒಲೆಯಲ್ಲಿ ಸುಟ್ಟೆ.

ಮಾವ ಬಂದದ್ದು ಮೂರರ ಮೇಲೆ. ಮುಖ ಬೆವೆತಿತ್ತು. "ಹತ್ತು ದಿನ ಕೊಟ್ಟರು. ಇದೇ ಕೊನೆ ಅಂದ್ರು" ಎಂದು ಅಂಗಿ ಬಿಚ್ಚಿ ಮೇಜಿನ ಮುಂದೆ ಕೂತರು. ನಾನು ಮಜ್ಜಿಗೆ ತಂದೆ. ಅವರು ಜೋಡಿಸಲು ಶುರು ಮಾಡಿದರು. ಒಂದು ಪುಟ, ಇನ್ನೊಂದು, ಮತ್ತೊಂದು. ಆರಲಿಲ್ಲ. ಬೆರಳು ನಿಂತಿತು. ತಲೆ ವಾಲಿತು. ಬಗ್ಗಿ ಪೆಟ್ಟಿಗೆಯ ಕಡೆ ನೋಡಿದರು. ಸೊಳ್ಳೆಪರದೆಯ ಮೇಲೆ ಕೈಯಿಟ್ಟರು, ಹಾಗೇ ಇಟ್ಟುಕೊಂಡಿದ್ದರು.

"ತಾಯಿ, ಇದನ್ನ ಯಾರಾದ್ರೂ ಮುಟ್ಟಿದ್ರಾ?"

"ನಾನೇ ಮಾವ. ಧೂಳು ಒರೆಸಿದೆ."

"ಈ ಬಲೆ?"

"ಹಲ್ಲಿ ಒಳಗೆ ಹೋಗಬಾರದು ಅಂತ."

ಅವರು ನನ್ನ ಮುಖ ನೋಡಿದರು. ನಾನು ಲೋಟ ತೆಗೆದುಕೊಳ್ಳಲು ಬಗ್ಗಿದೆ.

"ಹಲ್ಲಿ," ಅಂದರು ಮಾವ. "ಹೌದು. ಈಚೆಗೆ ಹಲ್ಲಿ ಕಾಟ ಜಾಸ್ತಿ."

ಅಂಗಡಿಗೆ ಒಯ್ಯಲು ಸಂಜೆ ಗೋಣಿಚೀಲ, ಹಗ್ಗ ತಂದಿದ್ದ ಜಯಪಾಂಡಿ ಕಿವಿಯಿಟ್ಟು ಕೇಳಿ ಅವನ್ನು ಮೂಲೆಗಿಟ್ಟರು. ಹತ್ತು ದಿನ ಮುಗಿಯುವ ಮುಂಚೆಯೇ ಪುಟಗಳು ಮುದಲಾಳಿಯ ಕೈ ಸೇರಿದವು.

ಆಡಿ ಹದಿನೆಂಟರಂದು ಅತ್ತೆ ನಿಂಬೆಹಣ್ಣಿನ ಅನ್ನ, ಹುಣಿಸೆ ಅನ್ನ, ತೆಂಗಿನಕಾಯಿ ಅನ್ನ ಮಾಡಿದರು. ಎದುರುಮನೆಯವಳಿಗೆ ತಟ್ಟೆ ಕೊಡುತ್ತಾ ಬಾಗಿಲಲ್ಲೇ ನಿಂತು ಹೇಳುತ್ತಿದ್ದರು: "ಬಿಚ್ಚಿಲ್ಲ, ಅಂಗಡಿಗೆ ಒಯ್ದಿಲ್ಲ. ಇವರು ವಿಭೂತಿ ಚರಂಡಿಗೆ ಎಸೆದ್ರೂ ಆ ಮುರುಗನೇ ಬಂದು ಸರಿಮಾಡಿಕೊಟ್ಟ."

"ಹೌದು," ಒಳಗಿನಿಂದ ಮಾವ ಅಂದರು. "ಕೈಲಿದ್ದ ವೇಲಾಯುಧ ಪಕ್ಕಕ್ಕಿಟ್ಟು ಸ್ಕ್ರೂಡ್ರೈವರ್ ಹಿಡ್ಕೊಂಡು ಬಂದಿದ್ದ. ನಾನೇ ಕುಡಿಯೋಕೆ ನೀರು ಕೊಟ್ಟೆ."

ಅತ್ತೆ ನಕ್ಕು ಬೈದರು. ಜಯಪಾಂಡಿಯೂ ನಕ್ಕರು. ಹೊಸ ಕ್ಯಾಲೆಂಡರಿನ ಮಾದರಿ ಗೋಡೆಯ ಮೇಲಿತ್ತು, ಕಯಲ್ ತನ್ನ ಹುಟ್ಟಿದ ದಿನದ ಹಾಳೆ ಹುಡುಕುತ್ತಿದ್ದಳು.

ತಟ್ಟೆ ತೊಳೆಯಲು ಹಿತ್ತಲಿಗೆ ಬಂದಾಗ ಜಯಪಾಂಡಿ ಹಿಂದೆಯೇ ಬಂದರು. ಒರೆಸುವ ಬಟ್ಟೆ ತೆಗೆದುಕೊಂಡು ಪಕ್ಕದಲ್ಲಿ ನಿಂತರು.

"ನಿಜ ಹೇಳು ಮಂಗೈ. ನೀನು ಬಿಚ್ಚಿದ್ದೆ ತಾನೆ? ಒಳಗೆ ಏನಿತ್ತು?"

ಅಡಿಗೆಮನೆಯ ಕಿಟಕಿಯಲ್ಲಿ ಅತ್ತೆಯ ಬೆನ್ನು ಕಾಣುತ್ತಿತ್ತು. ಉಳಿದ ಅನ್ನವನ್ನು ನಾಳೆಗೆ ಎತ್ತಿಡುತ್ತಿದ್ದರು. ಎಸೆದಿಲ್ಲ ಅತ್ತೆ, ಜೋಪಾನವಾಗಿ ಇಟ್ಟಿದ್ದರು ಅಂದರೆ ಆ ಬೆನ್ನು ಎಷ್ಟು ನೆಟ್ಟಗಾಗುತ್ತಿತ್ತು ಎಂದು ನನಗೆ ಗೊತ್ತಿತ್ತು. ನಡುಮನೆಯಲ್ಲಿ ಮಾವ ಮತ್ತೆ ಏನೋ ಗೇಲಿ ಮಾಡುತ್ತಿದ್ದರು. ಅವರ ದನಿ ಬಹಳ ದಿನಗಳ ಮೇಲೆ ಏರಿತ್ತು.

"ಹೊಗೆ ತಾನೆ? ಅಮ್ಮನ ಸಾಂಬ್ರಾಣಿ?"

"ಅಲ್ಲ," ಅಂದೆ. "ಮೇಜಿನ ಕೆಳಗೆ ನಾನು ಸರಿಯಾಗಿ ಗುಡಿಸ್ತಿರ್ಲಿಲ್ಲ. ಬರೀ ಧೂಳು."

ತಟ್ಟೆಯನ್ನು ಅವರ ಕೈಗೆ ಕೊಟ್ಟೆ. ಮುಂದೆ ಯಾರು ಕೇಳಿದರೂ ಅಷ್ಟೇ ಹೇಳುವುದೆಂದು ಇನ್ನೊಂದು ತಟ್ಟೆ ಎತ್ತಿಕೊಂಡೆ.